ಬಿಸ್ಕತ್ತಿನ ಡಬ್ಬಿಯ ಮುಚ್ಚಳ

ಮಾರ್ಚ್ 3, ಸೋಮವಾರ

ಗಡಿಪಾರಿನ ಮೊದಲ ದಿನ. ಮುಂದಿನ ಪೀಳಿಗೆಯವರ ಅನುಕೂಲಕ್ಕಾಗಿ ನನ್ನ ಅಪರಾಧವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕಾಲೇಜಿನ ಪ್ರಾಂಶುಪಾಲರ ಭಾಷೆಯಲ್ಲಿ, ಅವರದೇ ಮೊಹರು ಒತ್ತಿ, ಸೂಚನಾಫಲಕಕ್ಕೆ ಒಂದು ಸುತ್ತೋಲೆ ಅಂಟಿಸಿದೆ: 'ನಾಳೆಯಿಂದ ವಿದ್ಯಾರ್ಥಿಗಳು ತರಗತಿಗೆ ಬಂದಾಗ ಅಧ್ಯಾಪಕರು ಎದ್ದು ನಿಂತು ಗೌರವ ಸೂಚಿಸತಕ್ಕದ್ದು.' ಮರುದಿನ ಮೂವರು ಎದ್ದು ನಿಂತರು. ನಾಲ್ಕನೆಯವರು ವಿಚಾರಣೆ ಶುರುಮಾಡಿದರು. ಆ ಮೂವರ ಮುಖ ನೋಡಿದ ಸುಖಕ್ಕೆ ಕೆಲವು ವಾರಗಳ ಅಮಾನತು ಹೆಚ್ಚೇನಲ್ಲ ಎಂದು ನನ್ನ ವಾದ. ಅಮ್ಮ ವಾದ ಕೇಳಲಿಲ್ಲ.

ಅಮ್ಮನ ತೀರ್ಪು: ಕಾಲೇಜು ಮತ್ತೆ ಕರೆಯುವವರೆಗೆ ಅವಳ ಅಣ್ಣನ, ಅಂದರೆ ನನ್ನ ಸೋದರಮಾವನ ಗ್ಯಾರೇಜಿನಲ್ಲಿ ಕಠಿಣ ದುಡಿಮೆ. ಮಾವನಿಗೆ ಅರವತ್ತೊಂದು. ಮಾತು ಕಡಿಮೆ, ಹುಬ್ಬು ಜಾಸ್ತಿ. ಗ್ಯಾರೇಜು ಮನೆಯ ಹಿಂದೆಯೇ ಇದೆ. ಅದರ ನಟ್ಟನಡುವೆ ನನ್ನ ಶಿಕ್ಷೆ ನಿಂತಿದೆ: ಎರಡೇ ಸೀಟಿನ, ಸೊಂಟದೆತ್ತರವೂ ಇಲ್ಲದ ಸ್ಪೋರ್ಟ್ಸ್ ಕಾರು. ವಯಸ್ಸು ಮೂವತ್ತನಾಲ್ಕು. ಒಂದು ಕಾಲದಲ್ಲಿ ಕೆಂಪು. ಮಾವ ಅತ್ತೆ ಮದುವೆಯಾದ ವರ್ಷ ಕೊಂಡದ್ದಂತೆ. ಹನ್ನೊಂದು ವರ್ಷದಿಂದ ಮೂಲೆ ಹಿಡಿದಿದೆ. ಏಪ್ರಿಲ್ ಹನ್ನೊಂದಕ್ಕೆ ಸರ್ಕಾರಿ ತಪಾಸಣೆ. ರಸ್ತೆಗೆ ಯೋಗ್ಯ ಅನ್ನಿಸಿಕೊಂಡರೆ ಸರಿ, ಇಲ್ಲದಿದ್ದರೆ ನೋಂದಣಿ ರದ್ದಾಗಿ ಗುಜರಿಗೆ. ಪಕ್ಕದ ಬೀದಿಯ ಗುಜರಿಯವನು ಇವತ್ತೇ ಬಂದು, ಸಾಯುವವರ ಮನೆಗೆ ಬಂದ ದೂರದ ನೆಂಟನ ಹಾಗೆ ಅದರ ಸುತ್ತ ಒಂದು ಸುತ್ತು ಹಾಕಿ ಹೋದ.

"ನಿನ್ನ ಜಾಗ ಅದರ ಹೊಟ್ಟೆ ಕೆಳಗೆ," ಎಂದರು ಮಾವ. "ತುಕ್ಕು ಕೆರಿ. ತೂತು ಬಿದ್ರೆ ಹೇಳು. ಮುಚ್ಚಿಡಬೇಡ."

ಮಾರ್ಚ್ 4, ಮಂಗಳವಾರ

ಕಾರಿನ ಕೆಳಗೆ ಎಂಟು ಗಂಟೆ. ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಅದನ್ನು ಏರಿಸಿಟ್ಟಿದ್ದಾರೆ. ನನ್ನ ಮೂಗಿಗೂ ಅದರ ಹೊಟ್ಟೆಗೂ ಒಂದು ಮೊಳ. ಹಿಂದೆ ಯಾರೋ ಪುಣ್ಯಾತ್ಮ ತುಕ್ಕು ಹಿಡಿಯದಿರಲಿ ಎಂದು ತಳಕ್ಕೆಲ್ಲ ಡಾಂಬರಿನಂಥದ್ದು ಬಳಿದಿದ್ದಾನೆ. ತುಕ್ಕು ಅದರೊಳಗೇ ಬೆಚ್ಚಗೆ ಸಂಸಾರ ಹೂಡಿದೆ. ಬಿಸಿಗಾಳಿ ಹಾಯಿಸಬೇಕು, ಮೆತ್ತಗಾದದ್ದನ್ನು ಉಳಿಯಿಂದ ಕೆರೆಯಬೇಕು, ಆಮೇಲೆ ತಂತಿ ಬ್ರಷ್ಷು. ಕೆರೆದದ್ದೆಲ್ಲ ಬೀಳುವುದು ಕೆರೆದವನ ಮುಖಕ್ಕೆ. ಕಣ್ಣಿಗೆ ಕನ್ನಡಕ ಕೊಟ್ಟಿದ್ದಾರೆ. ಕಿವಿಯ ಬಗ್ಗೆ ಯಾರೂ ಯೋಚಿಸಿದಂತಿಲ್ಲ.

ಸಂಜೆ ಅತ್ತೆ ಟೀ ತಂದರು. ನನಗೆ ತುಂಬಿದ ಲೋಟ, ಮಾವನಿಗೆ ಅರ್ಧ.

"ಏನತ್ತೆ, ಮನೆ ಯಜಮಾನ್ರಿಗೇ ಅರ್ಧ ಪಡಿತರ?"

"ಅವರಿಗೆ ಅಷ್ಟೇ ಸಾಕು ಪುಟ್ಟ."

ಮದುವೆಯಾಗಿ ಮೂವತ್ತನಾಲ್ಕು ವರ್ಷಕ್ಕೆ ಪ್ರೀತಿ ಅರ್ಧ ಲೋಟಕ್ಕೆ ಇಳಿಯುತ್ತದೆ. ಅವಿವಾಹಿತರ ಗಮನಕ್ಕೆ.

ಮಾರ್ಚ್ 6, ಗುರುವಾರ

ಇವತ್ತು ಕಾರಿಗೆ ರಜೆ. ಗಾರೆ ಕೆಲಸದವರೊಬ್ಬರ ವ್ಯಾನು ಬ್ರೇಕಿಗೆಂದು ಬಂತು. ಹಿಂದಿನ ಎರಡೇ ಚಕ್ರ. ಮಾವನಿಗೆ ಸಂಜೆಯವರೆಗೂ ಹಿಡಿಯಿತು. ಒಂದು ಸ್ಪ್ರಿಂಗು ಮೂರು ಸಲ ಕೈಜಾರಿ ಬಿತ್ತು. ಮೂರು ಸಲವೂ ಸ್ಪ್ರಿಂಗಿನ ಏಳು ತಲೆಮಾರನ್ನು ಬೈದರು. ನಲವತ್ತು ವರ್ಷದ ಅನುಭವ ಎಂದರೆ ನಿಧಾನವಾಗಿ ಮಾಡುವ ಹಕ್ಕು ಇರಬೇಕು.

ಆಮೇಲೆ ನಡೆದದ್ದು ವಿಚಿತ್ರ. ಗ್ಯಾರೇಜಿನ ಹಿಂದಿನ ಅಂಗಳದ ಕೊನೆಗೆ ಗೋಡೆ. ಗೋಡೆಗೆ ಸ್ವಲ್ಪ ಮೊದಲು ನೆಲದ ಮೇಲೊಂದು ಬಿಳಿ ಗೆರೆ. ಮಾವ ಹೋಗಿ ಆ ಗೆರೆಯ ಮೇಲೆ ನಿಂತರು, ಎದೆಗೆ ಕೈಕಟ್ಟಿ, ಮುಖ ವ್ಯಾನಿನ ಕಡೆಗೆ. ಗಾರೆಯವರು ವ್ಯಾನನ್ನು ನೇರ ಅವರ ಮೇಲೇ ಓಡಿಸಿಕೊಂಡು ಬಂದು ಬ್ರೇಕ್ ಒತ್ತಿದರು. ಒಂದು ಮಾರು ದೂರದಲ್ಲಿ ನಿಂತಿತು.

"ಇದೇನು ಮಾವ, ನರಬಲಿಯಾ?"

"ಬ್ರೇಕ್ ಕಟ್ಟಿದವನು ಗೆರೆ ಮೇಲೆ ನಿಲ್ಲಬೇಕು. ನನಗೆ ಕೆಲಸ ಕಲಿಸಿದವರು ಹಾಗೇ ನಿಲ್ಲಿಸ್ತಿದ್ರು. ನಿಲ್ಲಬೇಕು ಅಂತ ಗೊತ್ತಿದ್ರೆ ಯಾವ ನಟ್ಟೂ ಮರೆತುಹೋಗಲ್ಲ."

"ಅಷ್ಟು ನಂಬಿಕೆ ಇದ್ರೆ ಆ ಕಡೆ ತಿರುಗಿ ನಿಲ್ಲಿ, ನೋಡೋಣ."

"ನಂಬಿಕೆ ಯಾರು ಇಟ್ರು? ನಾನೇ ಮಾಡಿದ್ರೂ ಕಣ್ಣು ಬಿಟ್ಕೊಂಡೇ ನಿಲ್ಲೋದು. ಇಷ್ಟು ವರ್ಷದಲ್ಲಿ ಎರಡು ಸಲ ಪಕ್ಕಕ್ಕೆ ಹಾರಿದೀನಿ."

ಮಾರ್ಚ್ 8, ಶನಿವಾರ

ಇತಿಹಾಸದಲ್ಲಿ ದಾಖಲಾಗಬೇಕಾದ ದಿನ. ಮಾವ ಒಬ್ಬರೇ ಕಾರಿನ ಕೆಳಗೆ ಮಲಗಿ ಏನೋ ಪರೀಕ್ಷಿಸುತ್ತಿದ್ದರು. ನಾನು ಕಬ್ಬಿಣದ ಸಲಾಕೆ ತೆಗೆದು ನೆಲಕ್ಕೆ ಧಡಾರೆಂದು ಬಡಿದು, "ಮಾವ, ಬೀಳ್ತಿದೆ, ಬೀಳ್ತಿದೆ" ಎಂದೆ. ಅರವತ್ತೊಂದರ ಮನುಷ್ಯ ಅಂಗಾತ ಮಲಗಿದಲ್ಲಿಂದ ಅಷ್ಟು ವೇಗವಾಗಿ ಹೊರಗೆ ಜಾರಬಲ್ಲ ಎಂದು ವಿಜ್ಞಾನಕ್ಕೆ ಇದುವರೆಗೆ ತಿಳಿದಿರಲಿಲ್ಲ. ಬರುವಾಗ ಹಣೆ ಸೈಲೆನ್ಸರಿಗೆ ಬಡಿದು ಬುಗುಟು ಎದ್ದಿದೆ.

ಬೈಯಲಿಲ್ಲ. "ಇನ್ನೊಂದು ಸಲ ಕೂಗಿದ್ರೆ ಬರಲ್ಲ," ಎಂದಷ್ಟೇ ಹೇಳಿ ಮತ್ತೆ ಒಳಗೆ ಹೋದರು. ಅತ್ತೆ ಬುಗುಟಿಗೆ ಮಂಜುಗಡ್ಡೆ ಒತ್ತುತ್ತ ನನ್ನನ್ನು ನೋಡಿದ ನೋಟಕ್ಕೆ ಹಾಲೂ ಒಡೆಯುತ್ತಿತ್ತು.

ಮಾರ್ಚ್ 11, ಮಂಗಳವಾರ

ಕೆರೆದೆ. ಊಟದ ಹೊತ್ತಿಗೆ ಕೈ ಮೇಲಕ್ಕೆ ಬರಲಿಲ್ಲ. ತಲೆಯನ್ನೇ ತಟ್ಟೆಗೆ ಇಳಿಸಿದೆ.

ಮಾರ್ಚ್ 13, ಗುರುವಾರ

ಚಕ್ರಗಳನ್ನು ಬಿಚ್ಚಿದೆವು. ಮುಂದಿನ ಬ್ರೇಕುಗಳು ಹನ್ನೊಂದು ವರ್ಷದ ಹಿಂದೆ ಕಚ್ಚಿಕೊಂಡದ್ದನ್ನು ಇನ್ನೂ ಬಿಟ್ಟಿಲ್ಲ, ನಮ್ಮ ಕಾಲೇಜಿನ ಗ್ರಂಥಪಾಲಕರು ಪುಸ್ತಕ ಹಿಡಿದ ಹಾಗೆ. ಒಳಗಿನ ಪಿಸ್ಟನ್ನುಗಳನ್ನು ಹೊರತೆಗೆಯಲು ಒಂದು ದಿನ ಹೋಯಿತು.

ಸಣ್ಣ ಕೆಲಸವೆಲ್ಲ ನನ್ನ ಪಾಲಿಗೆ. ಸ್ಪ್ರಿಂಗು, ಕ್ಲಿಪ್ಪು, ಸೂಜಿಯಂಥ ಪಿನ್ನು. ಮಾವ ಟಾರ್ಚು ಹಿಡಿಯುತ್ತಾರೆ, ಅದೂ ನೆಟ್ಟಗಿಲ್ಲ. ಬೆಳಕು ಒಂದೇ ಸಮನೆ ಕುಣಿಯುತ್ತದೆ.

"ಮಾವ, ನಾಟಕದ ಲೈಟಿಂಗ್ ಬೇಡ."

"ಕೆಲಸ ನೋಡು."

ಬುಗುಟಿನ ಸೇಡು ತೀರಿಸಿಕೊಳ್ಳುತ್ತಿದ್ದಾರೆ, ಸ್ಪಷ್ಟ. ಟಾರ್ಚನ್ನು ಇಸಿದುಕೊಂಡು ಹಲ್ಲಲ್ಲಿ ಕಚ್ಚಿ ಕೆಲಸ ಮುಗಿಸಿದೆ.

ಇವರ ಹತ್ತಿರ ಒಂದು ಅಯಸ್ಕಾಂತವಿದೆ, ಹಳೆಯ ಸ್ಪೀಕರಿನಿಂದ ಕಿತ್ತು ಬಟ್ಟೆಯಲ್ಲಿ ಸುತ್ತಿಟ್ಟದ್ದು. ದಿನದ ಕೊನೆಗೆ ನಾನು ಉಜ್ಜಿ ಪ್ರೈಮರ್ ಬಳಿದ ಜಾಗದ ಮೇಲೆಲ್ಲ ಅದನ್ನು ಆಡಿಸುತ್ತಾರೆ. ಕೆಳಗೆ ಕಬ್ಬಿಣವಿದ್ದರೆ ಅಂಟುತ್ತದೆ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಜಾರುತ್ತದೆ.

"ಮೊದಲೆಲ್ಲ ಸುತ್ತಿಗೇಲಿ ತಟ್ಟಿ ಸದ್ದು ಕೇಳ್ತಿದ್ದೆ. ಈಗ ಇದೇ ಸಾಕು," ಎಂದರು.

ಮಗನಂತಿರುವ ಸೋದರಳಿಯನಿಗಿಂತ ಸ್ಪೀಕರಿನ ತುಂಡನ್ನು ನಂಬುವ ಮನೆ.

ಮಾರ್ಚ್ 18, ಮಂಗಳವಾರ

ಮಾವ, ಅತ್ತೆ ಬೆಳಿಗ್ಗೆಯೇ ಒಂದು ದಪ್ಪ ಫೈಲು ಹಿಡಿದು ಎಲ್ಲಿಗೋ ಹೋದರು. ಸಾಮ್ರಾಜ್ಯ ನನ್ನ ಕೈಗೆ ಬಂತು.

ಬಾಗಿಲಿನ ಕೆಳಗೆ, ಮುಂಚಕ್ರದಿಂದ ಹಿಂಚಕ್ರದವರೆಗೆ ಉದ್ದಕ್ಕೂ ಪೆಟ್ಟಿಗೆಯಂಥ ಒಂದು ಪಟ್ಟಿ ಇರುತ್ತದೆ. ಮಾವ ಅದನ್ನು ಹೊಸ್ತಿಲು ಅನ್ನುತ್ತಾರೆ. ಇಡೀ ಕಾರಿನ ಬೆನ್ನೆಲುಬು ಅದೇ ಅಂತೆ. ಎಡ ಹೊಸ್ತಿಲಿನ ಹಿಂದಿನ ತುದಿಯನ್ನು ಉಜ್ಜುತ್ತಿದ್ದೆ. ಬ್ರಷ್ಷು ಒಳಗೆ ಹೋಯಿತು. ಬೆರಳು ಹಾಕಿ ನೋಡಿದೆ, ಬೆರಳೂ ಹೋಯಿತು. ಅಂಚನ್ನು ಸ್ವಲ್ಪ ಮುಟ್ಟಿದೆ ಅಷ್ಟೇ, ಅಂಗೈ ಅಗಲದ ತುಕ್ಕು ಪುಡಿಪುಡಿಯಾಗಿ ನನ್ನ ಎದೆಯ ಮೇಲೆ ಬಿತ್ತು.

ಹೇಳಬೇಕು. ಹೇಳಿದರೆ ಕೊಳೆತಷ್ಟನ್ನೂ ಕತ್ತರಿಸಬೇಕು, ಹೊಸ ತಗಡು ಬೆಸೆಯಬೇಕು, ಮತ್ತೆ ನಾಲ್ಕು ದಿನ ಅಂಗಾತ. ತೋಳು ಎತ್ತಿ ಎತ್ತಿ ಭುಜದ ಸಂದಿಯಲ್ಲಿ ಮರಳು ಹಾಕಿದಂತಾಗಿದೆ. ನಾನು ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಲ್ಲಿ ಅತ್ತೆಯ ಬಿಸ್ಕತ್ತಿನ ಡಬ್ಬಿ ಇತ್ತು. ತಗಡಿನ ಮುಚ್ಚಳ, ದುಂಡಗೆ, ಅಂಗೈ ಅಗಲ.

ಹೇಳಿ ಮಾಡಿಸಿದಂತೆ ಕೂತಿತು. ಸುತ್ತ ಪುಟ್ಟಿ, ಮೇಲೆ ತೆಳುವಾಗಿ ಪುಟ್ಟಿ, ಒಣಗಿದ ಮೇಲೆ ಉಜ್ಜಿ ಪ್ರೈಮರ್. ಇದು ಮೋಸವಲ್ಲ. ಮಾನವಬುದ್ಧಿಯು ಅಯಸ್ಕಾಂತಕ್ಕೆ ಒಡ್ಡಿದ ಸವಾಲು.

ಮಾರ್ಚ್ 19, ಬುಧವಾರ

ಅಯಸ್ಕಾಂತ ತಪ್ಪನೆ ಅಂಟಿತು. ಮಾವ ಎರಡು ಸಲ ಕಿತ್ತು ಎರಡು ಸಲ ಅಂಟಿಸಿದರು.

"ಈ ಮೂಲೆ ಪೂರ್ತಿ ಹೋಗಿರತ್ತೆ ಅಂದ್ಕೊಂಡಿದ್ದೆ. ಉಳ್ಕೊಂಡಿದೆಯಲ್ಲೋ. ಚೆನ್ನಾಗಿ ಮಾಡಿದೀಯ."

ಈ ಮನೆಯಲ್ಲಿ ಸಿಕ್ಕ ಮೊದಲ ಹೊಗಳಿಕೆ. ಬಿದ್ದು ಬಿದ್ದು ನಗುವ ಕಾರ್ಯಕ್ರಮವಿತ್ತು. ಸೆಕೆಗೆ ಇರಬೇಕು, ನಗು ಬರಲಿಲ್ಲ.

ಅತ್ತೆ ಇಡೀ ಅಡುಗೆಮನೆ ತಿರುವಿಹಾಕಿದ್ದಾರೆ. "ಡಬ್ಬಿ ಮುಚ್ಚಳ ನೋಡಿದ್ಯಾ ಪುಟ್ಟ?" "ಇಲ್ಲತ್ತೆ." "ಕಾಲು ಬಂತಾ ಅದಕ್ಕೆ?" ಎಂದು ಡಬ್ಬಿಯ ಮೇಲೆ ಒಂದು ತಟ್ಟೆ ಕವುಚಿಟ್ಟರು.

ಮಾರ್ಚ್ 21, ಶುಕ್ರವಾರ

ಬಿಸ್ಕತ್ತು ಮೆತ್ತಗಾಗಿದೆ.

ಮಾರ್ಚ್ 22, ಶನಿವಾರ

ಸಂಜೆ ಟೀ ಬಂದಾಗ ಅತ್ತೆಯ ಕಣ್ಣು ತಪ್ಪಿಸಿ ಲೋಟ ಅದಲುಬದಲು ಮಾಡಿ, ತುಂಬಿದ್ದನ್ನು ಮಾವನ ಮುಂದಿಟ್ಟೆ. ಸಾಮಾಜಿಕ ನ್ಯಾಯ. ಮಾವ ಅದನ್ನು ಸುಮ್ಮನೆ ನೋಡಿದರು. ಎರಡೂ ಕೈ ಜೇಬಿನಲ್ಲಿ. "ಆಮೇಲೆ ಕುಡೀತೀನಿ," ಎಂದರು. ಕುಡಿಯಲಿಲ್ಲ. ಕೆನೆ ಕಟ್ಟಿ ತಣ್ಣಗಾಯಿತು.

ಪಾತ್ರೆ ತೊಳೆಯುವ ಕಡೆ ಅತ್ತೆ ನನ್ನನ್ನು ಹಿಡಿದರು.

"ಇನ್ನೊಂದು ಸಲ ಹಾಗೆ ಮಾಡ್ಬೇಡ. ತುಂಬಿದ್ರೆ ಚೆಲ್ತಾರೆ. ಚೆಲ್ಲಿದ್ರೆ ಎರಡು ದಿನ ಯಾರ ಹತ್ರನೂ ಮಾತಾಡಲ್ಲ."

"ಯಾಕೆ ಚೆಲ್ತಾರೆ?"

"ನಿನಗೆ ಕಣ್ಣಿಲ್ವಾ ಪುಟ್ಟ? ಕೈ ನಡುಗತ್ತೆ. ಹೋದ ವರ್ಷದಿಂದ. ಮಾತ್ರೆಗೆ ಸ್ವಲ್ಪ ತಗ್ಗತ್ತೆ, ಪೂರ್ತಿ ಹೋಗಲ್ಲ, ಜಾಸ್ತಿನೇ ಆಗತ್ತೆ ಅಂದಿದಾರೆ ಡಾಕ್ಟ್ರು. ಮಂಗಳವಾರ ಹೋಗಿದ್ದು ಅದಕ್ಕೇ. ವೆಲ್ಡಿಂಗ್ ಬಿಟ್ಟು ಆರು ತಿಂಗಳಾಯ್ತು. ಗಾಡಿ ಓಡಿಸೋದೂ ಬಿಟ್ರು. ಈ ಕಾರೊಂದನ್ನ ಎಬ್ಬಿಸಿ ನಿಲ್ಲಿಸಿ ಗ್ಯಾರೇಜ್ ಬಾಗಿಲು ಹಾಕ್ತೀನಿ ಅಂತಾರೆ. ಮದುವೆ ಹೊಸತರಲ್ಲಿ ಅವರು ನನ್ನನ್ನ ಇದ್ರಲ್ಲಿ ಸುತ್ತಿಸಿದ್ರು, ಈಗ ನಾನು ಅವರನ್ನ ಸುತ್ತಿಸ್ಬೇಕಂತೆ."

ಏನಾದರೂ ಹೇಳಬೇಕು ಎಂದು, "ಶಿಕ್ಷೆಗೆ ಬಂದವನ ಕೈಲಿ ಇಂಥ ಕೆಲಸ ಮಾಡಿಸ್ತಿದೀರಲ್ಲ ಅತ್ತೆ," ಎಂದೆ.

"ನಿಮ್ಮಮ್ಮ ಕಳಿಸಿದ್ಲು ಅಂದ್ಕೊಂಡ್ಯಾ? ನಾನೇ ಕೇಳಿದ್ದು. ಇವರಿಗೆ ಎರಡು ಕೈ ಬೇಕಾಗಿತ್ತು, ಕೇಳೋಕೆ ನಾಚಿಕೆ. ಅದಕ್ಕೇ ನಿಮ್ಮಮ್ಮ ಅದಕ್ಕೆ ಶಿಕ್ಷೆ ಅಂತ ಹೆಸರಿಟ್ಲು."

ಅಮ್ಮನಿಗೂ ಸುತ್ತೋಲೆ ಹೊರಡಿಸಲು ಬರುತ್ತದೆ.

ಮಾರ್ಚ್ 23, ಭಾನುವಾರ

ಟಾರ್ಚು. ಸ್ಪ್ರಿಂಗು. ಸುತ್ತಿಗೆ ಬಿಟ್ಟು ಅಯಸ್ಕಾಂತ ಹಿಡಿದದ್ದು. ನಡುಗುವ ಕೈಗೆ ಸುತ್ತಿಗೆ ಕೊಟ್ಟರೆ ಅದು ತಾನೇ ತಟ್ಟಿಕೊಳ್ಳುತ್ತದೆ, ಸದ್ದು ಕೇಳುವುದೆಲ್ಲಿಂದ? ಸುತ್ತಿಗೆ ಹಿಡಿಯುವ ಹಾಗಿದ್ದರೆ ನನ್ನ ಮುಚ್ಚಳ ಅವತ್ತೇ ಸಿಕ್ಕಿಬೀಳುತ್ತಿತ್ತು.

ನಾಳೆ ಹೇಳುತ್ತೇನೆ.

ಮಾರ್ಚ್ 24, ಸೋಮವಾರ

ಹೇಳಲಿಲ್ಲ. ಮಾವ ಇವತ್ತು ಖುಷಿಯಾಗಿದ್ದರು, ಸೀಟಿ ಹಾಕುತ್ತಿದ್ದರು. ನಾಳೆ.

ಮಾರ್ಚ್ 25, ಮಂಗಳವಾರ

ಹೇಗೆ ಬರೆಯುವುದೋ ಗೊತ್ತಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಟೀ ಲೋಟಗಳನ್ನು ಒಳಗಿಟ್ಟು ಬಂದೆ. ಅಷ್ಟರಲ್ಲಿ ಮಾವ ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಅಚ್ಚು ಇಳಿಸಬೇಕೆಂದು ಜಾಕು ಕೊಟ್ಟು, ಅಚ್ಚಿನ ಕೆಳಗಿದ್ದ ಸ್ಟ್ಯಾಂಡುಗಳನ್ನು ಹೊಸ್ತಿಲಿನ ಹಿಂದಿನ ತುದಿಗಳಿಗೆ ಕೊಟ್ಟಿದ್ದರು. ಜಾಕು ಎತ್ತುವ ಜಾಗವೇ ಅದು, ಹೊಸ್ತಿಲು ಅಲ್ಲಿ ಗಟ್ಟಿಯಿರಬೇಕು. ಎಡಗಡೆಯ ಸ್ಟ್ಯಾಂಡು ನಿಂತದ್ದು ಸರಿಯಾಗಿ ಮುಚ್ಚಳದ ಅಡಿಗೆ. ಮಾವ ಆಗಲೇ ಕೆಳಗೆ ಹೋಗಿದ್ದರು. ಮಂಡಿಯಿಂದ ಕೆಳಗಿನ ಕಾಲು ಮಾತ್ರ ಕಾಣುತ್ತಿತ್ತು. ಸ್ಟ್ಯಾಂಡಿನ ಬುಡದಲ್ಲಿ ನೆಲದ ಮೇಲೆ ಒಂದು ಚಿಟಿಕೆ ಬಿಳಿ ಪುಡಿ ಬಿದ್ದಿತ್ತು. ನೋಡುತ್ತಿದ್ದಂತೆ ಇನ್ನೊಂದು ಚಿಟಿಕೆ ಬಿತ್ತು.

"ಮಾವ, ಹೊರಗೆ ಬನ್ನಿ."

"ಯಾಕೆ?"

"ಕಾರು ಬೀಳತ್ತೆ."

"ಹೂಂ, ಹೋದ ಸಲಾನೂ ಬಿದ್ದಿತ್ತು. ಹದಿಮೂರರ ಸ್ಪ್ಯಾನರ್ ಕೊಡು."

"ಮಾವ, ನಿಜವಾಗ್ಲೂ."

"ಹೇಳಿದೀನಲ್ಲ, ಇನ್ನೊಂದು ಸಲ ಬರಲ್ಲ ಅಂತ. ಸ್ಪ್ಯಾನರ್ ಕೊಡೋ."

ಕಾಲು ಹಿಡಿದು ಎಳೆಯೋಣವೆಂದರೆ ಅವರು ತಮಾಷೆ ಎಂದು ಒದ್ದಾಡಿ ಸ್ಟ್ಯಾಂಡಿಗೆ ತಾಗಿದರೆ? ಜಾಕು ತಂದು ಅಡಿಗೆ ಇಡುವಷ್ಟು ಹೊತ್ತು ಇದೆಯೋ ಇಲ್ಲವೋ. ನನ್ನ ಬಾಯಿಂದ ಬಂದದ್ದು ಇಷ್ಟು: "ಅತ್ತೆ ಬಿಸ್ಕತ್ ಡಬ್ಬಿ ಮುಚ್ಚಳ ಅದರೊಳಗಿದೆ ಮಾವ. ಹೊಸ್ತಿಲಲ್ಲಿ. ಮೇಲೆ ಪುಟ್ಟಿ ಹಾಕಿದೀನಿ."

ಆಮೇಲೆ ಕಾಲು ನಿಧಾನವಾಗಿ, ಏನನ್ನೂ ತಾಗಿಸದೆ, ಹೊರಗೆ ಬಂತು. ಸೊಂಟ ಬಂತು. ತಲೆ ಬಂತು. ಅವರು ಎದ್ದು ಕೂತು ಕೈಗೆ ಅಂಟಿದ ಗ್ರೀಸು ಒರೆಸುತ್ತಿದ್ದಾಗ ಪುಟ್ಟಿ ಹಪ್ಪಳದಂತೆ ಸದ್ದು ಮಾಡಿತು. ಸ್ಟ್ಯಾಂಡಿನ ತಲೆ ಹೊಸ್ತಿಲಿನೊಳಗೆ ಹೊಕ್ಕು, ಕಾರು ಆ ಮೂಲೆಯಲ್ಲಿ ಅರ್ಧ ಮೊಳ ಕುಸಿದು ನಿಂತಿತು. ಮಾವನ ಎದೆ ಇದ್ದ ಜಾಗಕ್ಕೆ ಅಚ್ಚು ಬಂದು ಕೂತಿತ್ತು.

ಸದ್ದಿಗೆ ಅತ್ತೆ ಓಡಿಬಂದರು. ಮಾವ ಅವರಿಗೆ, "ಸ್ಟ್ಯಾಂಡ್ ಜಾರಿತು, ಏನಾಗಿಲ್ಲ," ಎಂದರು.

ನನ್ನ ಕೈಗೆ ಕೊಡದೆ ತಾವೇ ಜಾಕು ತಂದು ಆ ಮೂಲೆಯ ಅಡಿಗೆ ಇಟ್ಟರು.

ಮಾರ್ಚ್ 26, ಬುಧವಾರ

ಬೆಳಿಗ್ಗೆ ಚೀಲ ಕಟ್ಟಿಕೊಂಡು ಹೊರಗೆ ಬಂದೆ. ಮಾವ ಗ್ಯಾರೇಜಿನಲ್ಲಿ ಹಣ್ಣಿನ ಪೆಟ್ಟಿಗೆ ಕವುಚಿ ಅದರ ಮೇಲೆ ಕೂತಿದ್ದರು. ಚೀಲ ನೋಡಿದರು.

"ಎಲ್ಲಿಗೆ ಸಾಹೇಬ್ರ ಸವಾರಿ?"

"ಮನೆಗೆ."

"ಹರಿದದ್ದನ್ನ ಯಾರು ಹೊಲೀತಾರೆ? ನನ್ನ ಕೈಲಿ ಆಗಲ್ಲ, ನಿನಗೆ ಗೊತ್ತಲ್ಲ." ಮೊದಲ ಸಲ ಕೈಗಳನ್ನು ನನ್ನ ಮುಂದೆ ಚಾಚಿದರು. ಗಾಳಿಗೆ ಸಿಕ್ಕ ಎಲೆಯ ಹಾಗೆ ಏನೂ ಇಲ್ಲ, ಕೈಗಡಿಯಾರದ ಸೆಕೆಂಡಿನ ಮುಳ್ಳಿನಷ್ಟು, ಆದರೆ ನಿಲ್ಲುವುದೇ ಇಲ್ಲ. "ಕತ್ತರಿಸು. ಕೊಳೆತಿದ್ದೆಲ್ಲ ಹೋಗ್ಲಿ, ಹೊಳೆಯೋ ಕಬ್ಬಿಣ ಸಿಗೋವರೆಗೂ."

ಅಂಗೈ ಅಗಲ ಅಂದುಕೊಂಡದ್ದು ಒಂದೂವರೆ ಅಡಿ ಇತ್ತು. ಒಳಗಿಂದ ಮುಚ್ಚಳ ಸಿಕ್ಕಿತು, ಮಡಚಿಕೊಂಡು. ಮಾವ ಅದನ್ನು ಗೋಡೆಯ ಮೊಳೆಗೆ ಚುಚ್ಚಿ ನೇತುಹಾಕಿದರು, ಅಯಸ್ಕಾಂತದ ಪಕ್ಕ. ಅತ್ತೆ ಮಧ್ಯಾಹ್ನ ಬಂದವರು ಅದನ್ನು ನೋಡಿದರು, ಮಾವನನ್ನು ನೋಡಿದರು, ನನ್ನನ್ನು ನೋಡಿದರು. ಕುಸಿದ ಸದ್ದು ಅವರಿಗೆ ಈಗ ಅರ್ಥವಾಯಿತು ಅನ್ನಿಸಿತು. ಲೋಟಗಳನ್ನಿಟ್ಟು ಒಳಗೆ ಹೋದರು. ಇವತ್ತು ನನಗೂ ಅರ್ಧ ಲೋಟ.

ಮಾರ್ಚ್ 29, ಶನಿವಾರ

ಬೆಸುಗೆ ಕಲಿಯುತ್ತಿದ್ದೇನೆ. ಮೂರು ದಿನದಿಂದ ಚೂರು ತಗಡುಗಳ ಮೇಲೆ. ಮಾವ ಪೆಟ್ಟಿಗೆಯ ಮೇಲೆ, ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿರುತ್ತಾರೆ. ನೋಡುವುದಿಲ್ಲ, ಕಣ್ಣು ಮುಚ್ಚಿ ಕೇಳುತ್ತಾರೆ.

"ಓಡ್ತಿದೀಯ. ಕಾದ ಎಣ್ಣೇಲಿ ಹುರಿಯೋ ಹಾಗೆ ಒಂದೇ ಸಮ ಚಟಚಟ ಅನ್ಬೇಕು. ಈಗ ಪಟಪಟ ಅಂತು, ತೂತು ಬಿತ್ತು ನೋಡು."

ಬಿದ್ದಿತ್ತು.

"ಇದೇನು?"

"ಬೆಸುಗೆ."

"ಕಾಗೆ ಹಿಕ್ಕೆ ಹಾಕಿದ ಹಾಗಿದೆ. ಇನ್ನೊಂದು."

ಇವತ್ತು ಎಣಿಸಿದೆ. ನಲವತ್ತಾರು ಕಾಗೆಗಳು. ಕೊನೆಯದನ್ನು ಮಾವ ಬೆರಳಿನಿಂದ ಸವರಿ, "ಇದು ಪಾರಿವಾಳ," ಎಂದರು.

ಏಪ್ರಿಲ್ 3, ಗುರುವಾರ

ನಾಲ್ಕು ದಿನ ಬರೆಯಲಿಲ್ಲ. ಕೂತರೆ ನಿದ್ದೆ ಬರುತ್ತದೆ.

ಹೊಸ್ತಿಲಿನ ಒಳಪಟ್ಟಿ ಕೂತಿತು. ಹೊರಪಟ್ಟಿಯ ಮೂಲೆ ಒಂದು ಕಡೆ ಸರಿಹೋಗಲಿಲ್ಲ, ಕಾಗದ ಇಟ್ಟರೆ ಹೋಗುವಷ್ಟು ಸಂದು. ಮಾವ ನೋಡಿ, ನಡೆಯತ್ತೆ ಅಂದರು. ಕಿತ್ತು ಮತ್ತೆ ಮಾಡಿದೆ. ಭುಜಕ್ಕೆ ಕಿಡಿ ಬಿದ್ದು ಅಂಗಿಯಲ್ಲಿ ಏಳು ತೂತು.

ಗುಜರಿಯವನು ಬಂದಿದ್ದ. "ಹನ್ನೊಂದಕ್ಕೆ ಬರ್ಲಾ, ಗಾಡಿ ತಗೊಂಡು ಹೋಗೋಕೆ?" "ಬನ್ನಿ," ಎಂದೆ, "ನಡೆದು ಬನ್ನಿ. ವಾಪಸ್ ಇದ್ರಲ್ಲೇ ಬಿಡ್ತೀವಿ." ಮಾವ ಕೆಮ್ಮಿದರು. ನಕ್ಕರೇ ಇರಬೇಕು.

ಮೊನ್ನೆ ಏಪ್ರಿಲ್ ಒಂದು ಬಂದು ಹೋಗಿದೆಯಂತೆ. ಅಮ್ಮ ಫೋನಿನಲ್ಲಿ, "ಈ ವರ್ಷ ಯಾರಿಗೆ ಏನು ಮಾಡಿದ್ಯೋ?" ಎಂದು ಹೆದರುತ್ತ ಕೇಳಿದಾಗ ಗೊತ್ತಾಯಿತು. ಅವತ್ತು ಬ್ರೇಕಿನ ಹೊಸ ತಾಮ್ರದ ಪೈಪು ಬಗ್ಗಿಸುತ್ತಿದ್ದೆ. ನಾಲ್ಕನೆಯದಕ್ಕೆ ಸರಿಬಂತು.

ಏಪ್ರಿಲ್ 7, ಸೋಮವಾರ

ತಳಕ್ಕೆಲ್ಲ ಬಣ್ಣವಾಯಿತು. ಹೊಸ್ತಿಲಿನ ಒಳಗೆ ಮೇಣ ಹೊಡೆದೆ, ಕಾಣದ ಕಡೆಯಿಂದಲೇ ತುಕ್ಕು ಶುರುವಾಗುವುದು. ಅತ್ತೆ ಮೊಳೆಯ ಮೇಲಿನ ಮುಚ್ಚಳವನ್ನು ತೋರಿಸಿ, "ಇದನ್ನ ಇನ್ನು ಯಾವುದಕ್ಕೆ ಮುಚ್ಚೋದು?" ಎಂದರು. ಬೆಳಿಗ್ಗೆಯಿಂದ ನನ್ನ ಲೋಟ ತುಂಬಿ ಬರುತ್ತಿದೆ. ನಾನೇ ಅರ್ಧ ಸಾಕು ಅಂದೆ. ಇಬ್ಬರದೂ ಒಂದೇ ಅಳತೆ ಇರಲಿ.

ಏಪ್ರಿಲ್ 9, ಬುಧವಾರ

ಬ್ರೇಕಿನ ಪೈಪುಗಳಿಂದ ಗಾಳಿ ತೆಗೆದೆವು. ಇದಕ್ಕೆ ಇಬ್ಬರು ಬೇಕು. ಒಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಹಿಂದೆ ಮಲಗಿ ಸಣ್ಣ ನಳಿಕೆ ಸಡಿಲಿಸಿ, ಗುಳ್ಳೆ ಹೊರಗೆ ಹೋದ ಮೇಲೆ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆ. ಮೇಲಿನವನಿಗೆ ಕೆಳಗಿನದು ಕಾಣುವುದಿಲ್ಲ. ಬಾಯಿಮಾತೇ ಗತಿ.

ಮಾವನ ಕಾಲು ಗಟ್ಟಿಯಿದೆ. ಅವರು ಮೇಲೆ, ನಾನು ಕೆಳಗೆ.

"ಒತ್ತಿ."

"ಒತ್ತಿದೆ."

"ಹಿಡೀರಿ... ಹಿಡೀರಿ... ಬಿಡಿ."

"ಬಿಟ್ಟೆ."

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೇರೆ ಮಾತಿಲ್ಲ. ನಾಲ್ಕು ಚಕ್ರ, ದೂರದ್ದು ಮೊದಲು. ನೂರು ಸಲ 'ಬಿಡಿ' ಎಂದಿರಬೇಕು. ಒಂದು ಸಲವೂ ಅವರು "ಬಿಗಿದಿದೀಯಾ?" ಎಂದು ಕೇಳಲಿಲ್ಲ. ಕೇಳದಿರುವುದು ನೋಡಿ ನನಗೇ ಅನುಮಾನ ಬಂದು, ಪ್ರತಿ ಸಲ ಎರಡೆರಡು ಬಾರಿ ಬೆರಳಿಟ್ಟು ನೋಡಿದೆ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ಬಿಳಿ ಗೆರೆಯ ಮೇಲಿನ ಮಣ್ಣನ್ನು ಕಾಲಿನಿಂದ ಒರೆಸಿದೆ. ಬ್ರೇಕ್ ಕಟ್ಟಿದವನು ನಿಲ್ಲಬೇಕಲ್ಲ.

ಅತ್ತೆ ಕಾರು ಶುರುಮಾಡಿ ಅಂಗಳದ ಆ ತುದಿಗೆ ಒಯ್ದರು. ನಾನು ಹೋಗಿ ಗೆರೆಯ ಮೇಲೆ ನಿಂತೆ, ಎದೆಗೆ ಕೈಕಟ್ಟಿ, ಮಾವ ನಿಲ್ಲುವ ಹಾಗೆಯೇ. ಮಾವ ನಿಧಾನವಾಗಿ ನಡೆದು ಬಂದರು.

"ಸರಿ ಅಲ್ಲಿಂದ."

"ಕಟ್ಟಿದ್ದು ನಾನಲ್ವಾ?"

"ಹೌದು. ಹೋಗಿ ನಿಮ್ಮತ್ತೆ ಪಕ್ಕದಲ್ಲಿ ಕೂತ್ಕೋ. ಪೆಡಲ್ ಹೇಗೆ ಹಿಡಿಯತ್ತೆ ಕೇಳು. ನಿಲ್ಲೋದು ನಾನು."

"ಮಾವ, ಬೇಡ."

"ಹೋಗೋ."

ಹೋಗಿ ಕೂತೆ. ಬೆಲ್ಟು ಹಾಕಿಕೊಂಡೆ, ಅದರ ಕೆಳತುದಿ ಕಚ್ಚಿಕೊಂಡಿರುವುದು ನನ್ನ ಹೊಸ್ತಿಲಿಗೆ. ಅತ್ತೆ ಗೇರ್ ಹಾಕಿದವರು ಹಾಗೇ ತಡೆದರು. "ಇದೇನು ಮಾಡ್ತಿದಾರೆ ಇವರು?" ಎಂದರು.

ಗೆರೆಯ ಮೇಲೆ ಮಾವ ತಿರುಗಿ ನಿಂತಿದ್ದರು. ಮುಖ ಗೋಡೆಗೆ, ಬೆನ್ನು ನಮಗೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಅಷ್ಟು ದೂರದಿಂದಲೂ ಆ ಕೈ ಕಾಣುತ್ತಿತ್ತು. ಅವರು ಅದನ್ನು ಬಚ್ಚಿಟ್ಟಿರಲಿಲ್ಲ.

"ಏನ್ ಪುಟ್ಟ, ಹೋಗ್ಲಾ?" ಎಂದರು ಅತ್ತೆ.

ನಾಲ್ಕು ಚಕ್ರದ ಒಂದೊಂದು ನಟ್ಟನ್ನೂ ಮನಸ್ಸಿನಲ್ಲಿ ಮತ್ತೆ ಬಿಗಿದೆ. "ಹೋಗಿ ಅತ್ತೆ," ಎಂದೆ.

ಎರಡನೇ ಗೇರಿನಲ್ಲಿ, ಎಂಜಿನ್ನು ಗರ್ಜಿಸುತ್ತ, ಗೋಡೆ ದೊಡ್ಡದಾಯಿತು. ಮಾವನ ಅಂಗಿಯ ಹೊಲಿಗೆ ಕಾಣಿಸಿತು. ಅತ್ತೆ ಒತ್ತಿದರು. ಬೆಲ್ಟು ನನ್ನ ಎದೆ ಹಿಡಿಯಿತು. ನಿಂತಿತು. ಇಳಿದು ನೋಡಿದೆ: ಬಂಪರಿಗೂ ಮಾವನ ಮೀನಖಂಡಕ್ಕೂ ನಡುವೆ ಎರಡು ಮಾರು. ಮಾವ ಆಗಲೂ ತಿರುಗಿರಲಿಲ್ಲ.

"ನಿಂತಾ?" ಎಂದು ಗೋಡೆಯನ್ನು ಕೇಳಿದರು.

ನಿಂತಿಲ್ಲ ಎಂದು ಕೂಗಲು ಇದಕ್ಕಿಂತ ಒಳ್ಳೆಯ ಅವಕಾಶ ಜನ್ಮದಲ್ಲಿ ಸಿಗಲಾರದು. ಈಗ ಬರೆಯುವಾಗ ಹೊಳೆಯುತ್ತಿದೆ.

"ನಿಂತಿದೆ ಮಾವ," ಎಂದೆ.

ಏಪ್ರಿಲ್ 11, ಶುಕ್ರವಾರ

ಪಾಸಾಯಿತು. ಅತ್ತೆ ಓಡಿಸಿದರು, ಮಾವ ಪಕ್ಕದಲ್ಲಿ. ಎರಡೇ ಸೀಟಾದ್ದರಿಂದ ನಾನು ಬಸ್ಸಿನಲ್ಲಿ ಹೋದೆ. ತಪಾಸಣೆಯವರು ಕೆಳಗೆ ಇಳಿದು ಎಡ ಹೊಸ್ತಿಲನ್ನು ಸುತ್ತಿಗೆಯಿಂದ ತಟ್ಟುತ್ತ ಬಂದರು. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ತುದಿಯವರೆಗೂ ಒಂದೇ ಸದ್ದು.

ವಾಪಸು ಬರುವಾಗ ಅವರಿಬ್ಬರೂ ಸುತ್ತಿನ ದಾರಿ ಹಿಡಿದಿರಬೇಕು. ನಾನು ಬಂದು ಎರಡು ಗಂಟೆಯಾದರೂ ಬರಲಿಲ್ಲ. ಮತ್ತೆ ತರಗತಿಗೆ ಬಾ ಎಂದು ಕಾಲೇಜಿನಿಂದ ಪತ್ರ ಬಂದಿತ್ತು, ಮೇಜಿನ ಮೇಲೆ. ಅದರ ಮೇಲೆ ಗ್ರೀಸಿನ ಡಬ್ಬಿ ಇಟ್ಟು, ಉಳಿದ ತಗಡಿನಲ್ಲಿ ಅತ್ತೆಯ ಬಿಸ್ಕತ್ತಿನ ಡಬ್ಬಿಗೆ ಹೊಸ ಮುಚ್ಚಳ ಬಡಿದೆ. ಸ್ವಲ್ಪ ಬಿಗಿಯಾಯಿತು. ಮಾವನ ಕೈಗೆ ತೆಗೆಯಲು ಬರುವುದಿಲ್ಲ. ಅಂಚನ್ನು ಅರದಿಂದ ಉಜ್ಜಬೇಕು.

ಹಿಂದಿನ ಎಡ ಬ್ರೇಕು ಉಳಿದ ಮೂರಕ್ಕಿಂತ ಒಂದು ಚೂರು ಮೊದಲೇ ಹಿಡಿಯುತ್ತದೆ ಎಂದು ತಪಾಸಣೆಯವರು ಹೇಳಿದರು. ತೊಂದರೆಯಿಲ್ಲವಂತೆ. ನಾಳೆ ಚಕ್ರ ಬಿಚ್ಚಿ ನೋಡುತ್ತೇನೆ.